ಚರ್ಚಿನ ಹಿಂದಿನ ಹಸು

"ಮಿಸ್ಟರ್ ಗ್ಯಾಡ್, ನಿಮ್ಮಿಂದ ಒಂದು ಸಣ್ಣ ಉಪಕಾರ ಆಗ್ಬೇಕಲ್ಲ," ಎಂದು ನಮ್ಮ ಚರ್ಚಿನ ಹಾಡಿನ ಮೇಳ ನಡೆಸುವ ಕ್ವಾಯರ್ ಮಾಸ್ಟರ್ ಬ್ಲೈತ್ ಅವರು ಮೊಣಕೈ ಹಿಡಿದಾಗಲೇ ಹಂಫ್ರಿ ಗ್ಯಾಡ್ ಓಡಿಬಿಡಬೇಕಿತ್ತು. ನಮ್ಮ ಹ್ಯಾಡಲ್‌ಕಂ ಊರಿನಲ್ಲಿ ಮೊಣಕೈ ಹಿಡಿದು ಕೇಳುವ ಉಪಕಾರ ಯಾವತ್ತೂ ಸಣ್ಣದಾಗಿರುವುದಿಲ್ಲ. ಆದರೆ ಓಡಲು ಅವನ ಕಾಲಲ್ಲಿ ಬೂಟಿರಲಿಲ್ಲ.

ಬೂಟು ಯಾರ ಕಾಲಲ್ಲೂ ಇರಲಿಲ್ಲ. ಅವತ್ತು ನಮ್ಮ ಚರ್ಚಿನ ಹಾಡುಗಳನ್ನು ರೆಕಾರ್ಡ್ ಮಾಡುವ ದಿನ. ನಗರದಿಂದ ಟೇಪಿನ ಯಂತ್ರ ತಂದಿದ್ದ ಡೆರಿಕ್ ಎಂಬ ಗಡ್ಡಧಾರಿ, ಕಲ್ಲಿನ ನೆಲದ ಮೇಲೆ ಬೂಟಿನ ಸದ್ದು ಕುದುರೆ ನಡೆದ ಹಾಗೆ ಕೇಳಿಸುತ್ತದೆ ಎಂದು ಎಲ್ಲರ ಬೂಟನ್ನೂ ಬಾಗಿಲ ಬಳಿಯೇ ಬಿಡಿಸಿದ್ದ. ದೇವರ ಮುಂದೆ ನಾವೆಲ್ಲ ಸಮಾನರು ಎಂದು ಪಾದ್ರಿಗಳು ಎಷ್ಟು ಹೇಳಿದರೂ ನಂಬದ ನನಗೆ ನಂಬಿಕೆ ಬಂದದ್ದು ಅವತ್ತು, ಎಲ್ಲರ ಕಾಲುಚೀಲದ ತೂತುಗಳನ್ನು ನೋಡಿದ ಮೇಲೆ. ಊರಿಗೆಲ್ಲ ಬೂಟು ಮಾರುವ ಹಂಫ್ರಿಯ ಎರಡೂ ಹೆಬ್ಬೆರಳು ಹೊರಗೆ ಇಣುಕುತ್ತಿದ್ದವು.

"ಮಿಸ್ ಕ್ರೌಚ್ ಅವರಿಗೆ ಒಂದು ಮಾತು ಹೇಳ್ಬೇಕು," ಎಂದರು ಬ್ಲೈತ್, ದನಿ ತಗ್ಗಿಸಿ. "ಅವರದು ಬಹಳ ವಿಶೇಷವಾದ ದನಿ."

ಹಂಫ್ರಿಗೆ ಅರ್ಥವಾಯಿತು. ನಮ್ಮಲ್ಲಿ ಒಂದು ದನಿ ವಿಶೇಷವಾಗಿದೆ ಎಂದರೆ, ಕಿವಿ ಮುಚ್ಚಿಕೊಳ್ಳಬೇಕು ಎಂದೇ ಅರ್ಥ. ಮಿಸ್ ಕ್ರೌಚ್‌ಗೆ ಎಂಬತ್ತು ಸಮೀಪಿಸಿತ್ತು. ಆಕೆ ತಾರಸ್ಥಾಯಿಯಲ್ಲಿ ಒಂದು ಸ್ವರ ಹಿಡಿದರೆ ಅಕ್ಕಪಕ್ಕದ ಸ್ವರಗಳೆಲ್ಲ ಗಲಾಟೆ ಏನೆಂದು ನೋಡಲು ಎದ್ದು ಬರುತ್ತಿದ್ದವು.

"ಕಡೇ ಹಾಡಿನ ಆಮೆನ್ ಇದೆಯಲ್ಲ, ಉಸಿರಾಡಿದಷ್ಟು ಮೆಲ್ಲಗೆ ಬರ್ಬೇಕು. ಅದೊಂದು ಹಾಡಿಗೆ ಅವರು ಸುಮ್ಮನೆ ಕೂತಿದ್ರೆ..."

"ನಾನು ಹೇಳೋದಾ? ಮಿಸ್ಟರ್ ಬ್ಲೈತ್, ನಾನು ಅವರ ಹತ್ರ ಮಗ್ಗಿ ಕಲಿತವನು! ತಪ್ಪಿದ್ರೆ ಅಳತೆಪಟ್ಟೀಲಿ ಗೆಣ್ಣಿನ ಮೇಲೆ ಹೊಡೀತಿದ್ರು!"

"ಅದಕ್ಕೇ ನಿಮ್ಮ ಮೇಲೆ ಅವರಿಗೆ ಅಕ್ಕರೆ. ಆದ್ರೆ ನೇರವಾಗಿ ಹೇಳ್ಬಿಡ್ಬೇಡಿ, ನೊಂದ್ಕೋತಾರೆ. ಅವರಿಗೇ ಹೊಳೆಯೋ ಹಾಗೆ ಹೇಳಿ."

ಬೇರೆ ದಿನವಾಗಿದ್ದರೆ ಹಂಫ್ರಿ ಆಗದು ಎನ್ನುತ್ತಿದ್ದ. ಅಂದರೆ, ನಮ್ಮೂರಿನ ರೀತಿಯಲ್ಲಿ "ನೋಡೋಣ" ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಆದರೆ ಅವತ್ತು ಅವನ ಮಾನದ ಪ್ರಶ್ನೆಯಿತ್ತು. ಮೂವತ್ತು ವರ್ಷದಿಂದ ಮಂದ್ರದವರ ಸಾಲಿನಲ್ಲಿ ನಿಂತು ಹಾಡಿದರೂ ಹೆಂಡತಿ ಮ್ಯೂರಿಯಲ್ ಅವನನ್ನು ಹಾಡುಗಾರ ಎಂದು ಒಪ್ಪಿರಲಿಲ್ಲ. ಬಚ್ಚಲಲ್ಲಿ ಅವನ ದನಿ ಏರಿದರೆ ಅಡುಗೆಮನೆಯಲ್ಲಿ ರೇಡಿಯೋದ ದನಿ ಅದಕ್ಕಿಂತ ಮೇಲೇರುತ್ತಿತ್ತು. "ಅಷ್ಟು ಜನದ ಮಧ್ಯೆ ನೀನು ಬರೀ ಬಾಯಿ ಆಡಿಸ್ತೀಯ ಅಂದ್ಕೊಂಡಿದ್ದೆ," ಎಂದು ಹಿಂದಿನ ರಾತ್ರಿ ಊಟದ ಮೇಜಿನಲ್ಲೇ ಅಂದುಬಿಟ್ಟಿದ್ದಳು. ಹಂಫ್ರಿ ಚಮಚ ಕೆಳಗಿಟ್ಟು ಸವಾಲು ಹಾಕಿದ್ದ: "ನಾಳೆ ಸಂಜೆ ಬಾ. ಟೇಪು ಹಾಕಿ ಕೇಳಿಸ್ತೀನಿ. ಆಮೇಲೆ ಮಾತಾಡು." ಈಗ ಆ ಟೇಪಿನ ತುಂಬ ಮಿಸ್ ಕ್ರೌಚ್ ನಡುಗಿದರೆ ಅವನ ಮಂದ್ರ ಯಾರಿಗೆ ಕೇಳಿಸೀತು?

ಅವನು ಧೈರ್ಯ ಮಾಡಿ ಆಕೆಯ ಬಳಿ ಹೋದ. "ಮಿಸ್, ಇವತ್ತು ತುಂಬಾ ಸುಸ್ತಾದ ಹಾಗೆ ಕಾಣ್ತೀರಿ."

ಆಕೆ ಕನ್ನಡಕದ ಮೇಲಿಂದ ನೋಡಿದರು. "ನನಗೇನಾಗಿದೆ? ಬಿಳಿಚ್ಕೊಂಡಿರೋನು ನೀನು ಕಣಪ್ಪಾ. ಗಂಟಲು ಕಟ್ಟಿದೆಯಾ? ಕಟ್ಟಿದ್ರೆ ಸುಮ್ನೆ ಕೂತ್ಕೊಂಡುಬಿಡು, ಯಾರೂ ಏನೂ ಅಂದ್ಕೊಳಲ್ಲ. ತಗೋ, ಇದನ್ನ ಬಾಯಿಗೆ ಹಾಕ್ಕೋ."

ಕೊಟ್ಟದ್ದು ನೆಲ್ಲಿಕಾಯಿ ಗಾತ್ರದ ಪೆಪ್ಪರ್‌ಮಿಂಟು. ಮಿಸ್ ಕೊಟ್ಟದ್ದನ್ನು ಬೇಡ ಎನ್ನುವ ಅಭ್ಯಾಸ ಅವನಿಗಿರಲಿಲ್ಲ. ಮೊದಲ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಡೆರಿಕ್‌ನ ದನಿ ಗೋಡೆಯ ಮೇಲಿನ ಸ್ಪೀಕರ್ ಡಬ್ಬದಿಂದ ಬಂತು. ಅವನು ಪಾದ್ರಿಗಳು ನಿಲುವಂಗಿ ತೊಡುವ ಕೋಣೆಯಲ್ಲಿ ಯಂತ್ರದ ಮುಂದೆ ಕೂತಿದ್ದ. "ನಿಲ್ಸಿ ನಿಲ್ಸಿ. ಯಾರೋ ಹಲ್ಲಿನ ಸೆಟ್ಟು ಕಟಕಟ ಅನ್ನಿಸ್ತಿದೀರಿ."

ನಾವೆಲ್ಲ ನಮ್ಮ ನಮ್ಮ ಹಲ್ಲನ್ನೇ ಅನುಮಾನಿಸಿಕೊಂಡು ತಲೆ ತಗ್ಗಿಸಿದೆವು. ಹಂಫ್ರಿ ಪೆಪ್ಪರ್‌ಮಿಂಟನ್ನು ಇಡಿಯಾಗಿ ನುಂಗಿದ. ಕಣ್ಣಲ್ಲಿ ನೀರು ಬಂತು.

ಎರಡನೆಯ ಹಾಡಿಗೆ ಪಕ್ಕದ ಮನೆಯ ಸ್ಟಬ್ಸ್ ಹುಲ್ಲು ಕತ್ತರಿಸುವ ಯಂತ್ರ ಶುರುಮಾಡಿದ. "ಹಂಫ್ರಿ, ನೀನು ಹೋಗಿ ಹೇಳಪ್ಪಾ," ಎಂದರು ಮಿಸ್ ಕ್ರೌಚ್. "ಅಲ್ಲೇ ನಿಂತು ಕಾದ್ಕೊಂಡಿರು, ಅವಸರ ಏನಿಲ್ಲ." ಹಂಫ್ರಿ ಕಾಲುಚೀಲದಲ್ಲೇ ಒದ್ದೆ ಹುಲ್ಲಿನ ಮೇಲೆ ಓಡಿದ.

"ನಮಸ್ಕಾರ ಸ್ಟಬ್ಸ್! ಎಷ್ಟು ಚೆನ್ನಾಗಿ ಕತ್ತರಿಸ್ತಿದೀರಿ! ಇನ್ನೇನು ಮುಗೀತೇನೋ?"

"ಎಲ್ಲಿ ಬಂತು, ಇನ್ನೂ ಹಿತ್ತಲಿದೆ."

"ಒಳಗೆ ನಾವು ಹಾಡ್ತಾ ಇದೀವಿ. ರೆಕಾರ್ಡಿಂಗು."

"ಹೌದಾ? ಹಾಡ್ಕೊಳ್ಳಿ ಹಾಡ್ಕೊಳ್ಳಿ. ನನಗೇನೂ ತೊಂದ್ರೆ ಇಲ್ಲ."

ಇದಕ್ಕಿಂತ ಒರಟಾಗಿ ಮಾತಾಡಲು ಹಂಫ್ರಿಯಿಂದ ಆಗಲಿಲ್ಲ. "ನಿಮ್ಮ ಹುಲ್ಲು ನೋಡಿದ್ರೆ ನಮ್ಮ ಚರ್ಚಿನ ಹುಲ್ಲಿಗೆ ನಾಚಿಕೆ ಆಗ್ಬೇಕು," ಎಂದು ಸೋತ ದನಿಯಲ್ಲಿ ಹೇಳಿ ವಾಪಸಾದ. ಹೊಗಳಿಕೆಗೆ ಕರಗಿದ ಸ್ಟಬ್ಸ್, ಯಂತ್ರವನ್ನು ಬೇಲಿಯ ಕಿಂಡಿಯಿಂದ ದಾಟಿಸಿಕೊಂಡು ಬಂದು ಚರ್ಚಿನ ಕಿಟಕಿಯ ಕೆಳಗೇ ಕತ್ತರಿಸತೊಡಗಿದ. ಕಡೆಗೆ ಮಿಸ್ ಕ್ರೌಚ್ ಬಾಗಿಲಿಗೆ ಹೋಗಿ, "ಸ್ಟಬ್ಸ್!" ಎಂದರು. ಅಷ್ಟೇ. ಅವನೂ ಆಕೆಯ ಹತ್ತಿರವೇ ಮಗ್ಗಿ ಕಲಿತವನು. ಯಂತ್ರ ನಿಂತಿತು.

ಹೀಗೆ ಗುಡುಗಬಲ್ಲ ಹೆಂಗಸಿಗೆ ಬಾಯಿ ಮುಚ್ಚಿ ಎಂದು ಹೇಳುವುದು ಹೇಗೆ? ಮಧ್ಯಾಹ್ನದ ಚಹಾ ಹೊತ್ತಿಗೆ ಹಂಫ್ರಿ ಮತ್ತೆ ಬಟ್ಟಲು ಹಿಡಿದು ಆಕೆಯ ಪಕ್ಕ ಕೂತ. ಈ ಸಲ ಮಾತು ತೆಗೆದದ್ದು ಆಕೆಯೇ.

"ಹಂಫ್ರಿ, ಮೂವತ್ತು ವರ್ಷ ನಿಂತು ಹಾಡಿದೋರು ಒಂದು ದಿನ ಎದುರಿಗೆ ಕೂತು ಕೇಳೋದೂ ಒಂದು ಸುಖ, ಅಲ್ವೇನಪ್ಪಾ?"

ಹಂಫ್ರಿ ಬಟ್ಟಲು ಪಕ್ಕಕ್ಕಿಟ್ಟ. ದೇವರು ದೊಡ್ಡವನು, ತಾನೇ ಹೊಳೆಯಿಸಿಬಿಟ್ಟ! "ನೂರಕ್ಕೆ ನೂರು ನಿಜ ಮಿಸ್! ಅದರಲ್ಲೂ ಆ ಕಡೇ ಹಾಡು, ಕೂತು ಕೇಳೋಕೇ ಇರೋದು ಅದು."

"ಹಾಗಾದ್ರೆ ಒಪ್ಪಿಗೆ ತಾನೆ?"

"ಮನಸಾರೆ ಒಪ್ಪಿಗೆ ಮಿಸ್."

"ಒಳ್ಳೇ ಹುಡುಗ. ನೀನು ಯಾವತ್ತೂ ಅರ್ಥ ಮಾಡ್ಕೊಳೋನು," ಎಂದು ಆಕೆ ಅವನ ಕೈ ತಟ್ಟಿದರು. ಆಕೆಯ ಕಣ್ಣು ಒದ್ದೆಯಾಗಿತ್ತು. ಹಂಫ್ರಿಗೆ ನಿಜವಾಗಿ ಪಾಪ ಅನಿಸಿತು.

ಕಡೆಯ ಹಾಡಿಗೆ ನಿಂತಾಗ ನೋಡುತ್ತಾನೆ, ಮಿಸ್ ಕ್ರೌಚ್ ತಮ್ಮ ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಾರೆ. ಆಕೆಯೂ ಅವನನ್ನು ನೋಡಿ ಹುಬ್ಬೇರಿಸಿದರು. ಬ್ಲೈತ್ ಮುಖ ಕೆಂಪಗೆ ಮಾಡಿಕೊಂಡು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಿದರು. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ನಾವು ಹಾಡಿದೆವು. ಆಮೆನ್ ಮುಗಿಯಿತು.

ಡಬ್ಬದಲ್ಲಿ ಡೆರಿಕ್ ಕೆಮ್ಮಿದ. ಆಮೇಲೆ ಕೇಳಿದ: "ಈ ಚರ್ಚಿಗೆ ಎಣ್ಣೆ ಕಾಣದ ಗೇಟು ಏನಾದ್ರೂ ಇದೆಯಾ? ಗಾಳಿಗೆ ಕಿರುಗುಟ್ತಿದೆ. ಮತ್ತೆ ಹಿಂದುಗಡೆ ಎಲ್ಲೋ ಒಂದು ಹಸು ಇದೆ. ಆಮೆನ್ ಉದ್ದಕ್ಕೂ ಅಂಬಾ ಅಂತಿತ್ತು."

ನನ್ನ ಬೂಟಿಲ್ಲದ ಕಾಲನ್ನು ನಾನು ಅಷ್ಟು ಶ್ರದ್ಧೆಯಿಂದ ಹಿಂದೆಂದೂ ನೋಡಿರಲಿಲ್ಲ. ಹಂಫ್ರಿಗೆ ಮಾತ್ರ ತಟ್ಟನೆ ಉಪಾಯ ಹೊಳೆಯಿತು. ಗೇಟು ಯಾವುದೆಂದು ಅವನಿಗೆ ಗೊತ್ತಿತ್ತು. ಹಸುವಿನ ನೆಪದಲ್ಲಿ ಗೇಟನ್ನು ಹೊರಗೆ ಸಾಗಿಸಿದರಾಯಿತು.

"ಹಸು ಓಡಿಸಿ ಬರ್ತೀನಿ!" ಎಂದ. "ಮಿಸ್, ನೀವೂ ಬನ್ನಿ. ನೀವು ಗದರಿದ್ರೆ ಎಂಥಾ ಹಸುವಾದ್ರೂ ಓಡುತ್ತೆ."

"ಬಂದೆ ಬಂದೆ," ಎಂದು ಆಕೆ ಅವನಿಗಿಂತ ಮುಂಚೆ ಹೊರಟರು. ಬಾಗಿಲ ತನಕ ಹೋಗಿ, "ನಡಿಯಪ್ಪಾ, ನೀನು ಮುಂದೆ," ಎಂದು ಅವನನ್ನು ಹೊರಗೆ ತಳ್ಳಿದರು. "ಎಲ್ಲಾದ್ರೂ ಉಂಟೇ, ಮೊದಲು ನೀವು," ಎಂದು ಅವನು ಆಕೆಯ ತೋಳು ಹಿಡಿದು ಹೊರಗೆಳೆದ. ಇಬ್ಬರೂ ಹೊರಗಾದದ್ದೇ ತಡ, ಬ್ಲೈತ್ ಕಾಲುಚೀಲದಲ್ಲಿ ಬೆಕ್ಕಿನ ಹಾಗೆ ಹೋಗಿ ಬಾಗಿಲು ಹಾಕಿ ಅಗುಳಿ ಜಡಿದರು.

ಮುಂದಿನದನ್ನು ಹಂಫ್ರಿ ಆಮೇಲೆ ನನಗೆ ಹೇಳಿದ. ಗೋರಿಗಳ ನಡುವೆ ಹುಲ್ಲು ನುಣ್ಣಗಿತ್ತು. ಹಸು ಇರಲಿಲ್ಲ, ಹಸುವಿನ ಸೆಗಣಿಯೂ ಇರಲಿಲ್ಲ. ಅವನು ಸುಮ್ಮನೆ ತೋರಿಕೆಗೆ ಕಲ್ಲುಗಳ ಹಿಂದೆ ಬಗ್ಗಿ ನೋಡುತ್ತಿದ್ದಾಗ ಮಿಸ್ ಕ್ರೌಚ್ ಬೆಂಚಿನ ಮೇಲೆ ಕೂತು ಕರೆದರು.

"ಹುಡುಕಬೇಡ ಬಾರಪ್ಪಾ. ಆ ಹಸು ನೀನೇ."

ಹಂಫ್ರಿ ಬಗ್ಗಿದವನು ಹಾಗೇ ನಿಂತ.

"ಬೆಳಿಗ್ಗೆ ಬ್ಲೈತ್ ನನ್ನ ಮೊಣಕೈ ಹಿಡ್ಕೊಂಡು ಕೇಳ್ಕೊಂಡ. 'ಗ್ಯಾಡ್‌ಗೆ ಹೇಳಿ, ಕಡೇ ಹಾಡು ಹಾಡೋದು ಬೇಡ ಅಂತ. ಶ್ರುತಿ ಬಿಟ್ಟು ಕೆಳಗಿಳೀತಾನೆ, ಉಳಿದ ಗಂಡಸರನ್ನೂ ಎಳ್ಕೊಂಡು ಹೋಗ್ತಾನೆ. ನೇರವಾಗಿ ಹೇಳ್ಬೇಡಿ, ನೊಂದ್ಕೋತಾನೆ,' ಅಂದ. ಸ್ಟಬ್ಸ್‌ನಾದ್ರೆ ಗದರಿಸ್ಬಹುದು, ಅವನು ಹಾಡಲ್ಲ. ನಿನ್ನ ಹೇಗೆ ಗದರಿಸ್ಲಿ?"

ಈ ಸಂಗತಿ ನಮಗೆಲ್ಲ ಮೂವತ್ತು ವರ್ಷದಿಂದ ಗೊತ್ತಿತ್ತು. ಯಾರಾದರೂ ಹೇಳಿದ್ದೆವೇ? ಕಂಡಾಗೆಲ್ಲ ಬೆನ್ನು ತಟ್ಟಿ, "ಏನು ಗಟ್ಟಿ ದನಿಯಪ್ಪಾ ನಿಂದು!" ಎನ್ನುತ್ತಿದ್ದೆವು. ಮುಳ್ಳನ್ನು ಮುಳ್ಳಿನಿಂದಲೇ ತೆಗೆದು ಬ್ಲೈತ್ ಒಳಗೆ ನೆಮ್ಮದಿಯಾಗಿ ಕೈ ಆಡಿಸಿ ಹಾಡಿಸುತ್ತಿದ್ದರು.

"ಮತ್ತೆ ಆ ಗೇಟು ಯಾವುದು ಹಂಫ್ರಿ?" ಎಂದು ಮಿಸ್ ಕ್ರೌಚ್ ಕೇಳಿದರು.

ಹಂಫ್ರಿ ಆಕೆಯ ಬಿಳಿ ತಲೆ ನೋಡಿದ. "ಗೇಟಾ? ಗೇಟು ಗೇಟೇ ಇರ್ಬೇಕು ಮಿಸ್. ಎಣ್ಣೆ ಬಿಟ್ರೆ ಸರಿಹೋಗುತ್ತೆ."

ಆಕೆ ಅವನ ಮುಖವನ್ನೇ ದಿಟ್ಟಿಸಿದರು. ಲೆಕ್ಕ ತಪ್ಪು ಮಾಡಿದ ಹುಡುಗರ ಮುಖ ಓದಿ ಬದುಕಿದವರು. "ಹೂಂ," ಎಂದರು. ಅಷ್ಟರಲ್ಲಿ ಒಳಗೆ ಆಮೆನ್ ಶುರುವಾಯಿತು. ನಡುಗಲಿಲ್ಲ, ಇಳಿಯಲಿಲ್ಲ. ಓಕ್ ಬಾಗಿಲ ಸಂದಿಯಿಂದ ಬಂದು ಹುಲ್ಲಿನ ಮೇಲೆ ಹರಡಿ ನಿಂತಿತು. ಅಂಥ ಆಮೆನ್ ನಮ್ಮೂರು ಅವತ್ತಿನ ತನಕ ಕೇಳಿರಲಿಲ್ಲ. ಇಬ್ಬರಿಗೂ ದುಃಖ ಒತ್ತರಿಸಿ ಬಂತು.

"ನಾವಿಬ್ಬರೂ ಇಲ್ದೆ ಎಷ್ಟು ಚೆನ್ನಾಗಿದೆ ನೋಡು," ಎಂದರು ಮಿಸ್ ಕ್ರೌಚ್.

ಸಂಜೆ ಮ್ಯೂರಿಯಲ್ ಮೊಟ್ಟೆಯ ಸ್ಯಾಂಡ್‌ವಿಚ್ ಬುಟ್ಟಿ ಹಿಡಿದು ಬಂದಳು. ಡೆರಿಕ್‌ನ ಕೋಣೆಯಲ್ಲಿ ನಾವೆಲ್ಲ ಒತ್ತೊತ್ತಾಗಿ ನಿಂತೆವು. ಟೇಪು ತಿರುಗಿತು. ಕಡೆಯ ಹಾಡು ಬಂದಾಗ ಮ್ಯೂರಿಯಲ್ ಬುಟ್ಟಿ ಕೆಳಗಿಟ್ಟಳು. ಆಮೆನ್‌ನಲ್ಲಿ ಮಂದ್ರದವರ ದನಿ ನೆಲದೊಳಗಿಂದ ಬಂದ ಹಾಗೆ ಬಂದಾಗ ಗಂಡನ ತೋಳು ಹಿಡಿದಳು.

"ಇದು ನೀನಾ?"

"ಮ್ಯೂರಿಯಲ್, ಅದು... ನಾನು ಆಗ ಹೊರಗೆ..."

"ನೀನೇ! ನನ್ನ ಗಂಡನ ದನಿ ನನಗೆ ಗೊತ್ತಾಗಲ್ವಾ? ಇಷ್ಟು ವರ್ಷ ಆಡ್ಕೊಂಡ್ನಲ್ಲಾ, ನನ್ನ ಬಾಯಿಗೆ ಬೆಂಕಿ ಬೀಳ!" ಎಂದು ಕರವಸ್ತ್ರ ತೆಗೆದಳು. "ಮಿಸ್ಟರ್ ಬ್ಲೈತ್, ನೀವು ಹೇಳಿ, ಇವನು ಚೆನ್ನಾಗಿ ಹಾಡ್ತಾನೆ ತಾನೆ?"

ಬ್ಲೈತ್ ಸೂರು ನೋಡಿದರು. "ಬಹಳ... ಬಹಳ ವಿಶೇಷವಾದ ದನಿ."

ಬೇರೆ ದಿನವಾಗಿದ್ದರೆ ಮ್ಯೂರಿಯಲ್‌ಗೆ ಅರ್ಥವಾಗುತ್ತಿತ್ತು, ಅವಳೂ ಇದೇ ಊರಿನಲ್ಲಿ ಹುಟ್ಟಿದವಳು. ಆದರೆ ಅವಳು ಅಳುತ್ತಿದ್ದಳು. "ಮುಂದಿನ ಶನಿವಾರ ನನ್ನ ತಂಗಿ ಮಗಳ ಮದುವೆ ಇದೆಯಲ್ಲ, ಈಗಲೇ ಫೋನ್ ಮಾಡಿ ಬರ್ತೀನಿ," ಎಂದು, ತಡೆಯಲು ಹಂಫ್ರಿ ಬಾಯಿ ತೆರೆಯುವ ಮೊದಲೇ, ರಸ್ತೆಯಾಚೆಯ ಫೋನಿನ ಗೂಡಿಗೆ ಓಡಿದಳು.

ಹಂಫ್ರಿ ನಮ್ಮ ಕಡೆ ತಿರುಗಿದ. "ಯಾರಾದ್ರೂ ಒಬ್ರು ಅವಳಿಗೆ ನಿಜ ಹೇಳ್ರಪ್ಪಾ! ನಿಮ್ಮ ದಮ್ಮಯ್ಯ!"

"ಮಿಸ್ ಕ್ರೌಚ್ ಹೇಳಿದ್ರೆ ಚೆನ್ನಾಗಿರುತ್ತೆ," ಎಂದರು ಬ್ಲೈತ್.

"ಇವತ್ತಿಗೆ ಒಬ್ಬರಿಗೆ ಹೇಳಿ ಆಯ್ತು," ಎಂದರು ಮಿಸ್ ಕ್ರೌಚ್. "ಇನ್ನು ನನ್ನಿಂದ ಆಗಲ್ಲ."

ನಾನು ಹೇಳಬಹುದಿತ್ತು. ಪಕ್ಕದಲ್ಲೇ ಇದ್ದೆ. ಆದರೆ ನನ್ನ ಬಾಯಲ್ಲಿ ಸ್ಯಾಂಡ್‌ವಿಚ್ ಇತ್ತು, ಅದನ್ನು ಆದಷ್ಟು ನಿಧಾನವಾಗಿ ಅಗಿಯುತ್ತಿದ್ದೆ.

ಮ್ಯೂರಿಯಲ್ ಏದುಸಿರು ಬಿಡುತ್ತ ಬಂದಳು. "ಒಪ್ಪಿದ್ರು! ಹಂಫ್ರಿ, ನೀನೊಬ್ಬನೇ ಹಾಡೋದು. ಆರ್ಗನ್ ಬಾರಿಸೋರು ಇದಾರೆ ಅಂದ್ರು, ನಾನು ಬೇಡವೇ ಬೇಡ ಅಂದೆ. ಇಂಥ ದನೀನ ಯಾರಾದ್ರೂ ಆರ್ಗನ್ ಹಾಕಿ ಮುಚ್ತಾರಾ?"

ಹಂಫ್ರಿ ಗೋಡೆಗೆ ಒರಗಿದ. ಅವನ ಮುಖ ನೋಡಲಾಗಲಿಲ್ಲ. ನಾವೆಲ್ಲ ಬಾಯಲ್ಲಿದ್ದದ್ದನ್ನು ನುಂಗಿಕೊಂಡು, ಒಟ್ಟಿಗೆ ಉಸಿರೆಳೆದು, ಒಂದೇ ದನಿಯಲ್ಲಿ, ಒಂದಿಷ್ಟೂ ಶ್ರುತಿ ತಪ್ಪದೆ ಅವನನ್ನು ಅಭಿನಂದಿಸಿದೆವು.