ಅತ್ತೆಯವರು ಈಜಬೇಕಾಗಿದ್ದ ಕೊಳ

ಮನೆಯಂಗಳದಲ್ಲಿ ಈಜುಕೊಳ ಕಟ್ಟಿಸಿಕೊಂಡವರ ಬದುಕಿನಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ತರಗೆಲೆ, ಕಪ್ಪೆ, ಮಿಡತೆಗಳ ಜೊತೆಗೆ ಅವೂ ತಾವಾಗಿಯೇ ಬಂದು ನೀರಿಗೆ ಬೀಳುತ್ತವೆ. ತರಗೆಲೆಯನ್ನು ಬಲೆಯಲ್ಲಿ ಎತ್ತಿ ಆಚೆ ಹಾಕಬಹುದು. ಪ್ರಸಂಗಗಳು ಮಾತ್ರ ವರ್ಷಗಟ್ಟಲೆ ತೇಲುತ್ತಲೇ ಇರುತ್ತವೆ.

ದೊಡ್ಡಬೆಳವಂಗಲದ ಹತ್ತಿರ ನಾವು ಕೊಳ ಕಟ್ಟಿಸಿದ್ದು ಶೋಕಿಗಾಗಿ ಅಲ್ಲ. ಅತ್ತೆಯವರ ಮೊಣಕಾಲು ಸವೆದಿತ್ತು. ನೀರಿನಲ್ಲಿ ವ್ಯಾಯಾಮ ಮಾಡಿದರೆ ಆಪರೇಷನ್ನನ್ನು ಒಂದಷ್ಟು ಕಾಲ ಮುಂದಕ್ಕೆ ತಳ್ಳಬಹುದು ಎಂದು ವೈದ್ಯರು ಹೇಳಿದರು. ಅತ್ತೆಯವರ ಮುಖ ಅರಳಿತು. ಅವರು ನಂದಗುಡಿ ಕಡೆಯವರು. ಹುಡುಗಿಯಾಗಿದ್ದಾಗ ತೋಟದ ಬಾವಿಗೆ ಧುಮುಕಿ, ತಳ ಸೇರಿದ್ದ ತಾಮ್ರದ ಬಿಂದಿಗೆಯನ್ನು ಎತ್ತಿ ತಂದರೆಂಬುದು ನಮ್ಮ ಮನೆತನದ ಪುರಾಣ. ನಾನು ರಸಾಯನಶಾಸ್ತ್ರ ಓದಿದವಳು. ಕಣ್ಣಾರೆ ಕಂಡವರು ಯಾರೂ ಉಳಿದಿರದ ಆ ಕಥೆಯಲ್ಲಿ ಬಾವಿಯ ಆಳ ಪ್ರತಿ ಹಬ್ಬಕ್ಕೂ ಹೆಚ್ಚುತ್ತಿದ್ದುದನ್ನು ಮೌನವಾಗಿ ಗಮನಿಸುತ್ತಿದ್ದೆ. ಆದರೂ ಕೊಳದ ನೀರನ್ನು ನೋಡಿಕೊಳ್ಳುವ ಹೊಣೆಯನ್ನು ನಾನೇ ವಹಿಸಿಕೊಂಡೆ. ನೀರು ತಿಳಿಯಾಗಬೇಕು, ಅತ್ತೆಯವರು ಈಜಬೇಕು. ಇಷ್ಟೇ ಇದ್ದದ್ದು.

ತುಂಬಿದ ಕೊಳಕ್ಕೆ ಬಾಗಿನ

ಕೊಳ ಮೊದಲ ಬಾರಿ ತುಂಬಿದ ದಿನ ನಂದಗುಡಿಯಿಂದ ಅತ್ತೆಯವರ ತವರಿನವರೆಲ್ಲ ಬಂದರು. ಹೊಸ ನೀರಿಗೆ ಪೂಜೆ ಮಾಡದೆ ಕಾಲಿಡಬಾರದಂತೆ. ಒಬ್ಬೊಬ್ಬ ಮುತ್ತೈದೆಯೂ ಅರಿಶಿನ, ಕುಂಕುಮ, ಹೂವು, ಬಾಳೆಹಣ್ಣುಗಳನ್ನು ಭಕ್ತಿಯಿಂದ ನೀರಿಗೆ ಬಿಟ್ಟರು. ಹಸು ಸಾಕಿದ ಚಿಕ್ಕತ್ತೆಯವರು ಒಂದು ಕ್ಯಾನು ಹಾಲನ್ನೇ ಸುರಿದರು. ಸಂಜೆಯ ವೇಳೆಗೆ ಪಂಪು ಗೊರಗುಟ್ಟಿ ನಿಂತುಹೋಯಿತು.

ಅರಿಶಿನಕುಂಟೆಯಿಂದ ಬಂದ ರಿಪೇರಿಯವರು ಫಿಲ್ಟರಿನ ಮುಚ್ಚಳ ತೆಗೆದು, ಮೂಗು ಮುಚ್ಚಿಕೊಂಡು ಕೇಳಿದರು: "ಮೇಡಂ, ನೀರಿಗೆ ಏನೇನ್ ಹಾಕಿದ್ರಿ?"

ನಾನು ಯಾವುದನ್ನೂ ಬಿಡದೆ ಕ್ರಮವಾಗಿ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡು, "ಮೊಸರು, ತುಪ್ಪ, ಜೇನೂ ಯಾಕ್ ಹಾಕ್ಲಿಲ್ಲ ಮೇಡಂ? ಹಾಕಿದ್ರೆ ಪಂಚಾಮೃತ ಅಂತ ಊರಿಗೆಲ್ಲ ಹಂಚ್ಬಿಡ್ಬೋದಿತ್ತು" ಎಂದರು.

ಗಂಗಮ್ಮನ ಮುನಿಸು

ಬೇಸಿಗೆಯಲ್ಲಿ ನೀರು ಹಸಿರಾಯಿತು. ಪಕ್ಕದ ತೋಟದ ಯಜಮಾನರು ಬೇಲಿಯ ಆಚೆಯಿಂದ ನೋಡಿ, "ಇಲ್ಲಿ ಹಳೇ ಬಾವಿ ಇತ್ತು ಕಣಮ್ಮ. ಮುಚ್ಚಿದ್ದಕ್ಕೆ ಗಂಗಮ್ಮ ಮುನಿಸ್ಕೊಂಡವ್ಳೆ" ಎಂದರು.

"ಪಾಚಿ, ಯಜಮಾನ್ರೇ" ಎಂದೆ. "ಬಾವಿ ಇದ್ದದ್ದು ಸರಿಯಾಗಿ ಎಲ್ಲಿ?"

ಅವರು ಹಲಸಿನ ಮರದ ಬುಡವನ್ನು ತೋರಿಸಿದರು. ಎರಡು ದಿನ ಬಿಟ್ಟು ಅದನ್ನೇ ಕೇಳಿದಾಗ ಬೆರಳು ಗೇಟಿನ ಕಡೆಗೆ ತಿರುಗಿತು. ಗಂಗಮ್ಮನ ಮಾತಿರಲಿ, ಬಾವಿಯೇ ಸಂಚಾರದಲ್ಲಿತ್ತು.

ನಾನು ಕೊಳದ ಅಳತೆಗೆ ತಕ್ಕಂತೆ ಲೆಕ್ಕ ಹಾಕಿ ಸಂಜೆ ಕ್ಲೋರಿನ್ ಬೆರೆಸಿದೆ. ಯಜಮಾನರು ನನ್ನ ಮೇಲಿನ ಕರುಣೆಯಿಂದ, ಊರಿಗೆ ನೀರು ಬಿಡುವ ನೀರುಗಂಟಿಗೆ ಹೇಳಿದ್ದರು. ಆ ನೀರುಗಂಟಿ ಬೆಳಗಾಗುತ್ತಲೇ ಬಂದು, ಊರ ಓವರ್‌ಹೆಡ್ ಟ್ಯಾಂಕಿಗೆ ಹಾಕುವಷ್ಟು ಬ್ಲೀಚಿಂಗ್ ಪುಡಿಯನ್ನು ಸುರಿದು ಹೋದರು. ಅವರು ಹಾಕಿದ್ದು ನನಗೆ ತಿಳಿಯದು, ನಾನು ಹಾಕಿದ್ದು ಅವರಿಗೆ ತಿಳಿಯದು. ಮಧ್ಯಾಹ್ನಕ್ಕೆ ಹಸಿರೆಲ್ಲ ಮಾಯವಾಗಿದ್ದುದನ್ನು ಕಂಡ ಅತ್ತೆಯವರು ನನ್ನನ್ನು ಕೇಳದೆ ಮೆಟ್ಟಿಲ ಮೇಲೆ ಕುಳಿತು, ಕಾಲನ್ನು ಇಳಿಬಿಟ್ಟರು. ನಾನು ಕೂಗಿಕೊಂಡು ಓಡಿಬಂದು ಎಬ್ಬಿಸುವಷ್ಟರಲ್ಲಿ ಅವರ ಮೆಚ್ಚಿನ ಕೆಂಪು ಸೀರೆಯ ಕೆಳಭಾಗ ತಿಳಿಗುಲಾಬಿಗೆ ತಿರುಗಿತ್ತು. ನಾನು ಅಳುವಂತಾದೆ.

ಅವರು ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿ ಹೇಳಿದರು: "ಅಳ್ಬೇಡ ಬಿಡು. ಅಂಗಡೀಲಿ ಎರಡು ಬಣ್ಣದ್ದು ಅಂತ ಇಂಥದ್ದನ್ನೇ ಜಾಸ್ತಿ ದುಡ್ಡಿಗೆ ಮಾರ್ತಾರೆ."

ಅರ್ಧ ಬಕೆಟ್

ಅದಾದ ಮೇಲೆ ನೀರಿನ ಮಟ್ಟ ದಿನೇದಿನೇ ಇಳಿಯತೊಡಗಿತು. ಸೋರಿಕೆಯೋ, ಬಿಸಿಲಿಗೆ ಆರುತ್ತಿದೆಯೋ? ಇದನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಕೊಳದ ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು, ಎರಡರ ಮಟ್ಟಕ್ಕೂ ಗುರುತು ಹಾಕಬೇಕು. ಎರಡೂ ಸಮನಾಗಿ ಇಳಿದರೆ ಬಿಸಿಲು. ಕೊಳ ಮಾತ್ರ ಇಳಿದರೆ ಸೋರಿಕೆ. ನಾನು ಬಕೆಟ್ಟಿನ ಅರ್ಧಕ್ಕೆ ನೀರು ಹಾಕಿ ಗೆರೆ ಎಳೆದೆ.

ಕೊಳ ಇಳಿಯಿತು. ಬಕೆಟ್ ಇಳಿಯಲೇ ಇಲ್ಲ. ಬದಲಿಗೆ ಗೆರೆಯನ್ನು ದಾಟಿ ಏರಿತು. ಏರಿದ್ದನ್ನು ಇಬ್ಬನಿಯ ಲೆಕ್ಕಕ್ಕೆ ಸೇರಿಸಿ, ಸೋರಿಕೆ ಖಚಿತವೆಂದು ನಾನು ತೀರ್ಮಾನಿಸಿದೆ. ನೀರನ್ನೆಲ್ಲ ಖಾಲಿ ಮಾಡಿಸಿದೆವು. ರಿಪೇರಿಯವರು ಟೈಲ್ಸ್ ಕಿತ್ತರು, ಪೈಪು ಅಗೆದರು, ಸಂದುಗೊಂದನ್ನೆಲ್ಲ ತಟ್ಟಿ ನೋಡಿದರು. ಎಲ್ಲಿಯೂ ಸೋರಿಕೆಯ ಸುಳಿವಿರಲಿಲ್ಲ. ಅತ್ತೆಯವರ ಮೊಣಕಾಲು ಆ ವೇಳೆಗೆ ಇನ್ನಷ್ಟು ಕೆಟ್ಟು, ಗೋಡೆ ಹಿಡಿದು ನಡೆಯುವ ಹಂತಕ್ಕೆ ಬಂದಿತ್ತು.

ನಾವೆಲ್ಲ ಬರಿದಾದ ಗುಂಡಿಯನ್ನು ನೋಡುತ್ತ ನಿಂತಿರುವಾಗ ಅತ್ತೆಯವರು ಒಂದು ಚೊಂಬು ನೀರಿನೊಂದಿಗೆ ಬಂದು, ಬಕೆಟ್ಟಿಗೆ ಹುಯ್ದರು.

"ಅತ್ತೆ, ಏನ್ ಮಾಡ್ತಿದೀರಾ?"

"ಮನೆ ಮುಂದೆ ಅರ್ಧ ತುಂಬಿದ ಪಾತ್ರೆ ಇರಬಾರದು ಕಣಮ್ಮ, ಒಳ್ಳೇದಲ್ಲ. ನೀನು ಓದ್ದೋಳು, ಹೇಳಿದ್ರೆ ಕೇಳಲ್ಲ. ಅದಕ್ಕೆ ನಾನೇ ದಿನಾ ಒಂದ್ ಚೊಂಬು ಹಾಕ್ತಿದ್ದೆ."

ರಿಪೇರಿಯವರು ಹಾರೆಯನ್ನು ಕೆಳಗಿಟ್ಟು ಹೇಳಿದರು: "ಅಮ್ಮಾ, ಕೊಳಾನೂ ಅರ್ಧ ಖಾಲಿ ಆಗ್ತಿತ್ತಲ್ಲ, ಅದಕ್ಕೂ ಒಂದೊಂದ್ ಚೊಂಬು ಹಾಕ್ಬಾರ್ದಿತ್ತಾ?"

ಗಣೇಶನ ಸರದಿ

ಮಳೆಗಾಲ ಮುಗಿಯುತ್ತ ಬಂದಾಗ, ಮತ್ತೆ ತುಂಬಿಸಿದ ನೀರು ಕೊನೆಗೂ ನಾನು ಬಯಸಿದಂತಾಯಿತು. ತಳದ ಟೈಲ್ಸ್ ಎಣಿಸಬಹುದಾದಷ್ಟು ತಿಳಿ. ಅತ್ತೆಯವರಿಗೆ, "ನಾಳೆ ಬೆಳಿಗ್ಗೆ ನೀವು ಇಳಿಯಬಹುದು" ಎಂದೆ. ಅವರು ಹಳೆಯ ಸೀರೆಯೊಂದನ್ನು ತೆಗೆದಿಟ್ಟುಕೊಂಡರು.

ಸಂಜೆ ತಮಟೆಯ ಸದ್ದು ನಮ್ಮ ಗೇಟಿನ ಮುಂದೆ ನಿಂತಿತು. ಊರ ಗಣೇಶ ಟ್ರ್ಯಾಕ್ಟರಿನಲ್ಲಿ ಕುಳಿತಿದ್ದ. ಮಳೆ ಸಾಲದೆ ಕೆರೆಯಲ್ಲಿ ನೀರಿಲ್ಲ, ಬರೀ ಕಳೆ. ಮುಂದೆ ನಿಂತಿದ್ದವರು ಪಕ್ಕದ ತೋಟದ ಯಜಮಾನರೇ.

"ನಮ್ಮ ತಾತನ ಕಾಲದಿಂದ ಗಣೇಶನ್ನ ಈ ಜಾಗದ ಬಾವೀಲೇ ಬಿಡ್ತಿದ್ದಿದ್ದು ಕಣಮ್ಮ."

"ಸರಿಯಾಗಿ ಎಲ್ಲಿ?"

"ಇಲ್ಲೇ. ಈಗ ಕೊಳ ಐತಲ್ಲ, ಅಲ್ಲೇ."

ದೊಡ್ಡ ಡ್ರಮ್ಮೊಂದರಲ್ಲಿ ನೀರು ತುಂಬಿಸಿಕೊಡುತ್ತೇನೆ ಎಂದು ಬೇಡಿಕೊಂಡೆ. "ಡ್ರಮ್ಮಲ್ಲಿ ಸೊಂಡ್ಲೂ ಮುಳುಗಲ್ಲ ಅಕ್ಕಾ" ಎಂದ ಒಬ್ಬ. ಅಷ್ಟರಲ್ಲಿ ಗೋಡೆ ಹಿಡಿದು ಹೊರಬಂದ ಅತ್ತೆಯವರು ನನ್ನನ್ನು ಗದರಿದರು: "ಬಾಗಿಲಿಗೆ ಬಂದ ದೇವ್ರನ್ನ ವಾಪಸ್ ಕಳಿಸ್ತೀಯಾ? ಬಿಡ್ರಪ್ಪಾ, ಬಿಡಿ."

ಗಣೇಶ ಮುಳುಗಿದ. ತಿಳಿನೀರು ಕ್ಷಣದಲ್ಲಿ ಕೆಮ್ಮಣ್ಣಿನ ಗಂಜಿಯಾಯಿತು. ಗದ್ದಲದಲ್ಲಿ ದೇವಸ್ಥಾನದ ಹಿತ್ತಾಳೆಯ ಆರತಿ ತಟ್ಟೆಯೂ ಜಾರಿ ಆಳದ ಕಡೆಗೆ ಹೋಯಿತು. ದಡದಲ್ಲಿದ್ದ ಹುಡುಗರು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳಿದರು.

"ಏ, ಇಳಿಯೋ."

"ನಂಗೆ ಈಜು ಬರಲ್ಲ ಗುರು, ನೀನ್ ಇಳಿ."

"ನಂಗೆಲ್ಲಿ ಬರುತ್ತೆ? ನಾನ್ ಹುಟ್ಟೋ ಹೊತ್ಗೆ ಬಾವಿಗಳೆಲ್ಲಾ ಒಣಗೋಗಿದ್ವು."

ಹಿಂದಿನಿಂದ ನೀರು ಸಿಡಿದ ಸದ್ದು ಕೇಳಿಸಿತು. ಅತ್ತೆಯವರು ಕಚ್ಚೆ ಕಟ್ಟಿ ಇಳಿದೇ ಬಿಟ್ಟಿದ್ದರು.

"ಅತ್ತೆ, ಬೇಡ! ನೀರು ಕೆಟ್ಟಿದೆ!"

"ನಿನ್ನ ನೀರು ತಿಳಿಯಾಗೋ ಹೊತ್ಗೆ ನನ್ನ ಬೂದೀನ ಅದ್ರಲ್ಲಿ ಬಿಡ್ಬೇಕಾಗ್ತದೆ ಕಣಮ್ಮ" ಎಂದು ಮುಳುಗಿದರು. ತಮಟೆ ನಿಂತಿತು. ತಟ್ಟೆ ಮೊದಲು ಮೇಲೆ ಬಂತು; ಅದರ ಹಿಂದೆ, ಮೈಯೆಲ್ಲ ಮಣ್ಣಾಗಿ, ನಗುತ್ತಿದ್ದ ಅತ್ತೆಯವರು. ಮೇಲೆ ಹತ್ತಿ ಎಂದು ಎಲ್ಲರೂ ಕೂಗುತ್ತಿದ್ದರೂ ಕೇಳದೆ, ಕೊಳವನ್ನು ನಿಧಾನವಾಗಿ ಒಂದು ಸುತ್ತು ಈಜಿದರು. ನೀರಿನಲ್ಲಿ ಅವರು ಕುಂಟುತ್ತಿರಲಿಲ್ಲ.

ಆ ಮಣ್ಣು ಪೈಪುಗಳನ್ನೆಲ್ಲ ಹೊಕ್ಕಿತು. ಅದನ್ನು ತೆಗೆಸಿ ಮುಗಿಸುವಷ್ಟರಲ್ಲಿ ಅತ್ತೆಯವರ ಮೊಣಕಾಲಿನ ಆಪರೇಷನ್ ಆಗಿಹೋಗಿತ್ತು. ಮೆಟ್ಟಿಲಲ್ಲಿ ಜಾರಿದರೆ ಅಪಾಯ, ಇನ್ನು ಕೊಳಕ್ಕೆ ಇಳಿಯಬಾರದೆಂದು ವೈದ್ಯರು ಹೇಳಿದರು. ಈಗ ನೀರು ಕನ್ನಡಿಯಂತಿದೆ. ಇಳಿಯುವವರು ಯಾರೂ ಇಲ್ಲ. ಅತ್ತೆಯವರು ದಡದಲ್ಲಿ ಕುರ್ಚಿ ಹಾಕಿಸಿಕೊಂಡು, ಕೊಳವನ್ನು ನೋಡುತ್ತ ಅವರೆಕಾಯಿ ಸುಲಿಯುತ್ತಾರೆ. ಅವರು ಇಳಿಯಲು ಸಿದ್ಧರಿದ್ದ ಎಷ್ಟೋ ಬೆಳಗುಗಳಲ್ಲಿ ನೀರು ಸಾಕಷ್ಟು ಚೆನ್ನಾಗಿಯೇ ಇತ್ತೆಂಬುದು ಈಗ ನನಗೆ ತಿಳಿಯುತ್ತದೆ.

ಮೊನ್ನೆ ಅವರ ಪಕ್ಕದಲ್ಲಿ ಕುಳಿತು ಹೇಳಿದೆ: "ಅತ್ತೆ, ಆ ಬಿಂದಿಗೆ ಕಥೆಯನ್ನು ನಾನು ನಂಬಿರಲಿಲ್ಲ. ಅವತ್ತು ತಟ್ಟೆ ತಂದಿರಲ್ಲ, ಆಮೇಲೆ ಪೂರ್ತಿ ನಂಬಿದೆ."

ಅವರು ತಮ್ಮ ಮಗ, ಅಂದರೆ ನನ್ನ ಗಂಡ, ಹತ್ತಿರದಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಡೆಗೆ ಬಾಗಿದರು.

"ಬಿಂದಿಗೆ ಎಲ್ಲಮ್ಮ ಸಿಕ್ತು? ಅದು ಇನ್ನೂ ಆ ಬಾವೀಲೇ ಐತೆ. ಅವ್ವ ಬಡೀತಾಳೆ ಅಂತ ಪಕ್ಕದ ಮನೆ ಜಗಲಿ ಮೇಲಿದ್ದ ಅಂಥದ್ದೇ ಬಿಂದಿಗೇನ ಎತ್ಕೊಂಡ್ ಬಂದ್ಬಿಟ್ಟೆ. 'ಎಂಥ ಧೈರ್ಯವಂತೆ ಹುಡ್ಗಿ' ಅಂತ ಊರಿಗೆಲ್ಲ ಮೊದ್ಲು ಸಾರಿದ್ದೇ ಆ ಮನೆಯವ್ರು!"