ಹೊಸಬಾಳೆಯ ಗಡಿಕಲ್ಲಿನ ಬಳಿ ನಿಲ್ಲದ ಹಾಡು

ಶಿಕಾರಿಪುರದ ಪರಮಶಿವಪ್ಪನ ಅಂಬಾಸಿಡರ್ ಕಾರಿನಲ್ಲಿ, ಹಿಂದೆ ರೇಡಿಯೋ ಇದ್ದ ಸ್ಥಳವನ್ನು ಕೊರೆದು ಅಗಲಗೊಳಿಸಿಕೊಂಡು ವಿರಾಜಮಾನರಾಗಿರುವ ಸ್ಪರ್ಶಪರದೆಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕಾಂತಿ ದಿನೇ ದಿನೇ ವೃದ್ಧಿಸಲೆಂದು ಹಾರೈಸುತ್ತ, ಈ ಊರಿನ ಅಚ್ಚುಕೂಟದಲ್ಲಿ ನಲವತ್ತು ವರ್ಷ ಲಗ್ನಪತ್ರಿಕೆಗಳ ಕರಡು ತಿದ್ದಿದ ನಾನು ಮಾಡಿಕೊಳ್ಳುವ ಬಿನ್ನಹವಿದು. ಜನರು ತಮ್ಮನ್ನು ಟಚ್ ಸ್ಕ್ರೀನ್ ಎನ್ನುತ್ತಾರೆ. ಮನೆಗೆ ಬಂದವರನ್ನು ಮನೆಯ ನುಡಿಯಲ್ಲಿ ಕರೆಯುವುದೇ ಮರ್ಯಾದೆಯೆಂದು ನಾನು ಸ್ಪರ್ಶಪರದೆ ಎಂದಿದ್ದೇನೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುವುದಕ್ಕೂ ಕಾರಣವಿದೆ. ತಮ್ಮೊಡನೆ ಖಾಸಗಿಯಾಗಿ ಮಾತನಾಡಲು ಮೂರು ಬಾರಿ ಯತ್ನಿಸಿದೆ. ಮೂರು ಬಾರಿಯೂ ತಾವು "ಕ್ಷಮಿಸಿ, ಅರ್ಥವಾಗಲಿಲ್ಲ" ಎಂದಿರಿ. ನನ್ನ ಕನ್ನಡ ಅರ್ಥವಾಗಲಿಲ್ಲವೆಂದು ಇದುವರೆಗೆ ಯಾರೂ ಇಷ್ಟು ಸೌಜನ್ಯದಿಂದ ತಿಳಿಸಿರಲಿಲ್ಲ.

ತಮಗಿಂತ ಮೊದಲಿದ್ದ ರೇಡಿಯೋ ೧೯೭೪ರಲ್ಲಿ ಕಾರಿನೊಡನೆಯೇ ಬಂದದ್ದು. ಎರಡು ತಿರುಗುಗುಂಡಿ, ಐದು ಒತ್ತುಗುಂಡಿ, ಹಳದಿ ದೀಪದ ಮುಂದೆ ಅತ್ತಿತ್ತ ಸರಿಯುವ ಒಂದು ಕೆಂಪು ಕಡ್ಡಿ. ಕೊಂಚ ಗೊರಗುಟ್ಟಿ ಗಂಟಲು ಸರಿಪಡಿಸಿಕೊಂಡ ಮೇಲೆ ಭದ್ರಾವತಿಯ ಆಕಾಶವಾಣಿ ಹಿಡಿಯುತ್ತಿತ್ತು. ಬಳ್ಳಿಗಾವಿಯ ತಿರುವಿನಲ್ಲಿ ಮುನಿಸಿಕೊಂಡು ಸುಮ್ಮನಾಗಿ, ಮುಂದೆ ತನಗೆ ಮನಸ್ಸು ಬಂದ ಕಡೆ ಮಾತು ಆರಂಭಿಸುತ್ತಿತ್ತು. ಅದರ ಅಡಿಯಲ್ಲಿ ರೇಡಿಯೋ ರಿಪೇರಿಯ ಉಸ್ಮಾನ್ ಸಾಬರು ೧೯೮೬ರಲ್ಲಿ ಕೂಡಿಸಿಕೊಟ್ಟ ಧ್ವನಿಸುರುಳಿಯ ಯಂತ್ರ, ಅಂದರೆ ಕ್ಯಾಸೆಟ್ ಪ್ಲೇಯರ್, ಇತ್ತು. ನನ್ನ ತಮ್ಮನ ಮಗ ಮಾಲತೇಶ ಎರಡನ್ನೂ ಕೀಳಿಸಿ, ಎಪ್ಪತ್ತೈದು ತುಂಬಿದ ನನಗೆ ಉಡುಗೊರೆಯಾಗಿ ತಮ್ಮನ್ನು ಪ್ರತಿಷ್ಠಾಪಿಸಿದ. "ದೊಡ್ಡಪ್ಪ, ಇನ್ನು ಪೆನ್ಸಿಲ್ ತೂರ್ಸಿ ರೀಲು ಸುತ್ತೋದು ಬ್ಯಾಡ. ನಿನ್ನ ಕ್ಯಾಸೆಟ್ಟೆಲ್ಲ ಇದ್ರೊಳಗೆ ಇಳಿಸೀನಿ, ಒಂದ್ಸಲ ಬೆರಳಿಟ್ರೆ ದಾವಣಗೆರೆ ಮುಟ್ಟೋತನಕ ಹಾಡ್ತತಿ" ಎಂದ.

ತಮ್ಮ ಗುಣಗಳು ಒಂದೆರಡಲ್ಲ. ಹಳೆಯ ಧ್ವನಿಮುದ್ರಣದ ಹಿನ್ನೆಲೆಯಲ್ಲಿ ಕೂಗುತ್ತಿದ್ದ ಕೋಳಿಯನ್ನು ಕಸವೆಂದು ಗುಡಿಸಿಹಾಕಿದ್ದೀರಿ. ಕಾರು ಹತ್ತಿದವರ ಫೋನನ್ನೆಲ್ಲ ಬಂಧುವೆಂದು ಭಾವಿಸಿ ಬಾಚಿ ತಬ್ಬುತ್ತೀರಿ. ಅದರಿಂದಾಗಿಯೇ ಕಳೆದ ಫಾಲ್ಗುಣದಲ್ಲಿ, ಹೆಣ್ಣಿನ ಚಿಕ್ಕಪ್ಪ ಮುಂದಿನ ಆಸನದಲ್ಲಿ ಕುಳಿತಿರುವಾಗ, ಹಿಂದೆ ಕುಳಿತಿದ್ದ ಗಂಡಿನ ಸೋದರತ್ತೆಯವರು ತಂಗಿಗೆ ಫೋನಿನಲ್ಲಿ ಮಾತಾಡಿ ಕಳಿಸಿದ್ದ "ಪಾಯಸ ಏನ್ ನೀರಿದ್ದಂಗಿತ್ತೇ, ಕೈ ತೊಳ್ಕೊಂಡ್ರೂ ನಡೀತಿತ್ತು" ಎಂಬ ವಿಮರ್ಶೆಯನ್ನು ನಾಲ್ಕು ದಿಕ್ಕಿನಿಂದಲೂ ಕೇಳಿಸಿ, ಎರಡು ಮನೆತನಗಳ ನಡುವೆ ಮುಚ್ಚುಮರೆಯಿಲ್ಲದಂತೆ ಮಾಡಿದಿರಿ.

ಇದನ್ನೆಲ್ಲ ಮನ್ನಿಸಬಲ್ಲೆ. ನನ್ನ ದೂರು ಅದೇ ಪಯಣದಲ್ಲಿ ಗಡಿಕಲ್ಲಿನ ಬಳಿ ನಡೆದದ್ದರ ಬಗೆಗೆ.

ಸೊರಬ ತಾಲ್ಲೂಕಿನ ಹೊಸಬಾಳೆ ನನ್ನ ತಂಗಿ ವರದಮ್ಮನನ್ನು ಕೊಟ್ಟ ಊರು. ನಮ್ಮ ಬಳಗದ ಹೆಣ್ಣುಮಕ್ಕಳು ಮದುವೆಯಾಗಿ ಅಲ್ಲಿಂದ ಹೊರಡುವುದು ಈ ಕಾರಿನಲ್ಲಿಯೇ, ನಡೆಸುವವನು ನಾನೇ. ಗಡಿಕಲ್ಲಿನವರೆಗೆ ಗಂಡಿನ ಕಡೆಯ ಹಿರಿಯರು ಮುಂದೆ ನಡೆಯುತ್ತಾರೆ, ಕಾರು ಅವರ ಹೆಜ್ಜೆಯ ವೇಗದಲ್ಲಿ ಸಾಗುತ್ತದೆ, ಹೆತ್ತವಳು ಕಾರಿನ ಹಿಂದೆ ನಡೆಯುತ್ತಾಳೆ. ಹೊರಟ ಹೆಣ್ಣನ್ನು ತಡೆಯಬಾರದೆಂಬ ಕಟ್ಟಳೆಯಿರುವುದರಿಂದ ಕಾರು ನಿಲ್ಲಿಸಿರೆಂದು ಯಾರೂ ಕೇಳುವಂತಿಲ್ಲ. ಹಾಡಿಲ್ಲದೆ ಗಡಿ ದಾಟುವಂತೆಯೂ ಇಲ್ಲ. ಆ ಊರಿನ ಹಾಲಮ್ಮ ಹಾಡಿಕೊಟ್ಟ ಸೋಬಾನೆ ಪದಗಳ ಸುರುಳಿಯ ಒಂದು ಮಗ್ಗುಲು ಅರ್ಧ ಗಂಟೆ. ದಾರಿಯೂ ಅರ್ಧ ಗಂಟೆ. ಗಡಿಕಲ್ಲಿನ ಬಳಿ ಯಂತ್ರ ಟಕ್ಕೆಂದು ನಿಲ್ಲುತ್ತಿತ್ತು. ನಾನೂ ಕಾರು ನಿಲ್ಲಿಸಿ, ಸುರುಳಿಯನ್ನು ಹೊರತೆಗೆದು, ಊದಿ, ಅಂಗವಸ್ತ್ರದಿಂದ ಒರೆಸಿ, ಮಗ್ಗುಲು ಬದಲಿಸುತ್ತಿದ್ದೆ. ಒಂದು ನಿಮಿಷದ ಆ ಕೆಲಸಕ್ಕೆ ನಾನು ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ತಾಯಿ ಕಿಟಕಿಗೆ ಬಂದಿರುತ್ತಿದ್ದಳು. "ತಲೆನೋವಿನ ಎಣ್ಣಿ ಸೀರೆ ಮಡಿಕೆಯೊಳಗೆ ಇಟ್ಟೀನಿ, ಅವ್ರ ಮನೇಲಿ ಕೇಳ್ಬ್ಯಾಡ" ಎಂದೊಬ್ಬಳು. "ಮೊದಲ್ನೇ ದಿನಾನೇ ಎಲ್ಲಾ ಅಡಿಗೆ ಬರ್ತತಿ ಅನ್ಬ್ಯಾಡ, ಅರ್ಧ ಹೇಳು" ಎಂದಿನ್ನೊಬ್ಬಳು. ನಾನು ಸುರುಳಿಯನ್ನು ಇನ್ನೊಮ್ಮೆ ಊದುತ್ತಿದ್ದೆ.

ಕಳೆದ ಫಾಲ್ಗುಣದಲ್ಲಿ ಹೊರಟವಳು ವರದಮ್ಮನ ಹಿರಿಯ ಮಗಳು ಶಾಲಿನಿ. ಮಾಲತೇಶ ಹಾಲಮ್ಮನ ಎರಡೂ ಮಗ್ಗುಲುಗಳನ್ನು ಎಳೆಯಷ್ಟೂ ಬಿರುಕಿಲ್ಲದಂತೆ ಬೆಸೆದು ತಮ್ಮೊಳಗೆ ಇಟ್ಟಿದ್ದ. ಗಡಿಕಲ್ಲು ಬಂದಿತು, ಹಿರಿಯರು ಪಕ್ಕಕ್ಕೆ ಸರಿದರು, ತಾವು ಹಾಡುತ್ತಲೇ ಇದ್ದಿರಿ. ಬ್ರೇಕು ಇರಲಿಲ್ಲವೇ ಎಂದು ತಾವು ಕೇಳಬಹುದು. ಇತ್ತು. ಮೂವತ್ತು ವರ್ಷಗಳಿಗೂ ಮೀರಿ ಹಾಡು ನಿಂತ ಮೇಲೆಯೇ ಅದರ ಮೇಲೆ ಹೋಗಿ ಅಭ್ಯಾಸವಾದ ಕಾಲು, ಹಾಡು ನಿಲ್ಲಲೆಂದು ಕಾಯುತ್ತಿತ್ತು. ಕನ್ನಡಿಯಲ್ಲಿ ನೋಡಿದಾಗ ವರದಮ್ಮ ಒಂದು ಕೈ ಎತ್ತಿಕೊಂಡು ರಸ್ತೆಯ ನಡುವೆ ನಿಂತಿದ್ದಳು. ಏನು ಹೇಳುವುದಿತ್ತೆಂದು ಆಮೇಲೆ ಕೇಳಿದೆ. "ಈಗ ಹೇಳಿ ಏನ್ ಮಾಡ್ಲಣ್ಣ" ಎಂದಳು. ಫೋನಿನಲ್ಲಿ ಹೇಳಬಹುದಲ್ಲ ಎಂದ ಮಾಲತೇಶನಿಗೆ, "ಫೋನು ಅವ್ಳು ಅತ್ತೆ ಎದ್ರಿಗೇ ಎತ್ತಬೇಕಾಗ್ತದೆ ಕಣೋ" ಎಂದಳು.

ಬರುವ ವೈಶಾಖದಲ್ಲಿ ಅವಳ ಕಿರಿಯ ಮಗಳು ರಮ್ಯ ಹೊರಡುವವಳಿದ್ದಾಳೆ. "ಈ ಸಲಾನೂ ಕಾರು ನಿಲ್ಲಲ್ಲ ಅಂದ್ರೆ ಹೇಳ್ಬಿಡಣ್ಣ, ಬಸ್ಸಿಗೆ ಹತ್ತಿಸ್ತೀನಿ. ಬಸ್ಸಾದ್ರೂ ಕೈ ಮಾಡಿದ್ರೆ ನಿಲ್ತದೆ" ಎಂದು ವರದಮ್ಮ ಹೇಳಿ ಕಳಿಸಿದ್ದಾಳೆ. ನಾನಾಗಿಯೇ ನಿಲ್ಲಿಸಿದರೆ ಗಂಡಿನ ಕಡೆಯವರು ಕಾರಣ ಕೇಳುತ್ತಾರೆ. ಯಂತ್ರ ನಿಂತಿತು ಎಂದರೆ ಯಾರಿಗೂ ಮುಜುಗರವಿಲ್ಲ. ತಾಯಿಗೆ ತಡೆಯಲಾಗಲಿಲ್ಲ ಎಂದು ಹಿರಿಯರೆದುರು ಹೇಳುವವರು ಯಾರು?

ಆದಕಾರಣ ತಾವು ದಯಮಾಡಿ ಆ ದಿನ ಗಡಿಕಲ್ಲನ್ನು ಕಂಡೊಡನೆ ತಾವಾಗಿಯೇ ಕೆಟ್ಟು, ಮೂರು ನಿಮಿಷ ಎಲ್ಲವನ್ನೂ ಮರೆತು, ಸಾಧ್ಯವಾದರೆ ಎರಡು ಬಾರಿ ಊದಿಸಿಕೊಂಡು, ಅನಂತರ ಏನೂ ನಡೆಯಲಿಲ್ಲವೆಂಬಂತೆ ಹಾಡಬೇಕೆಂದು ಪ್ರಾರ್ಥಿಸುತ್ತೇನೆ. ತಾವು ಎಂದೂ ಕೆಡುವುದಿಲ್ಲವೆಂದು ತಮ್ಮೊಡನೆ ಬಂದ ಕೈಪಿಡಿಯಲ್ಲಿ ಅಚ್ಚಾಗಿದೆ. ಅದು ಮುದ್ರಣದೋಷವಾಗಿರಲಿ ಎಂಬುದೇ ನನ್ನ ಆಸೆ.

ಇಂತು, ಒತ್ತಿದ್ದೊಂದು ತೆರೆದದ್ದು ಇನ್ನೊಂದಾದರೂ ಮುನಿಯದ
ತಮ್ಮ ವಿಶ್ವಾಸಿ,
ಪರಮಶಿವಪ್ಪ

ಮರೆತ ಮಾತು: ತಮ್ಮ ಉತ್ತರಕ್ಕಾಗಿ ಎಂಟು ದಿನ ಕಾದು, ನಿನ್ನೆ ಕಾರನ್ನು ಉಸ್ಮಾನ್ ಸಾಬರ ಅಂಗಡಿಗೆ ಒಯ್ದೆ. ಅವರು ತಮ್ಮನ್ನು ಗೌರವಪೂರ್ವಕವಾಗಿ ಬಿಚ್ಚಿ, ಮೆಕ್ಕೆಜೋಳದ ಖಾಲಿ ಚೀಲವೊಂದರಲ್ಲಿ ಮಲಗಿಸಿ, ಹಳೆಯ ಜೋಡಿಯನ್ನು ಮರಳಿ ಕೂಡಿಸಿದ್ದಾರೆ. "ಕ್ಯಾಸೆಟ್ ತಿರುಗ್ಸೋ ಬೆಲ್ಟ್ ಹೊಸದು ಹಾಕೀನ್ರೀ, ಆದ್ರೆ ಗ್ಯಾರಂಟಿ ಕೊಡಂಗಿಲ್ಲ. ದಾರ್ಯಾಗೆ ಮೂರ್ನಾಲ್ಕು ಕಡೆ ನಿಂತ್ರೂ ನಿಲ್ತತಿ" ಎಂದು ಸಂಕೋಚದಿಂದ ಎಚ್ಚರಿಸಿದರು. ಈ ದೋಷವನ್ನು ವರದಮ್ಮನಿಗೆ ತಿಳಿಸಿದೆ. "ನಿಲ್ಲಲಿ ಬಿಡಣ್ಣ, ನಂಗೆ ಹೇಳೋದು ಬಾಳ ಐತೆ" ಎಂದಳು.