ಬ್ಲಾಂಕೆಟ್ಟಿನ ಅಧಿಕೃತ ಅರ್ಥ

ನಮ್ಮ ಕುರುಬರ ದೇವರು ಬೀರಪ್ಪನ ಭಂಡಾರದ ಅರಿಶಿನ ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಾರಾಯಣಪೇಟೆಯಿಂದ ಗದ್ವಾಲದವರೆಗೆ ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬುದೂ ಸುಳ್ಳಲ್ಲ.

ಮಕ್ತಲ್‌ನ ಕಳೆದ ಸಾಮಾನುಗಳ ಕಚೇರಿಯಲ್ಲಿ ಪ್ರತಿ ವಸ್ತುವಿಗೂ ಒಂದು ಇಂಗ್ಲಿಷ್ ಹೆಸರು, ಒಂದು ಅರ್ಥ, ಒಂದೇ ಉಪಯೋಗ ಇರತಕ್ಕದ್ದು. ನಿಯಮ ಏಳು.

ಮರಿಕಲ್‌ನ ನನ್ನ ಗೆಳೆಯ ಕುರುಮಯ್ಯ ಬಸ್ಸಿನಲ್ಲಿ ಕರಿಕಂಬಳಿ ಮರೆತು ಇಳಿದ. ಕಂಡಕ್ಟರ್ ಅದನ್ನು ಈ ಕಚೇರಿಗೆ ಒಪ್ಪಿಸಿದ. ಮರುದಿನ ಮೊಮ್ಮಗಳು ಝಾನ್ಸಿಯ ಲಗ್ನ. ನಮ್ಮಲ್ಲಿ ಮದುಮಕ್ಕಳು ಮನೆತನದ ಕಂಬಳಿಯ ಮೇಲೆ ಕೂತರೆ ಮಾತ್ರ ಅಕ್ಷತೆ. ಕುರ್ಚಿಯ ಮೇಲಿನದು ಲೆಕ್ಕಕ್ಕಿಲ್ಲ.

ಕಂಬಳಿ ಕೇಳಲು ಅವನೂ ನಾನೂ ಕಚೇರಿಗೆ ಹೋದೆವು. ಗುಮಾಸ್ತ ಸಾಯಿಕುಮಾರ್ ರಿಜಿಸ್ಟರ್ ತೆಗೆದ. "ಬ್ಲಾಂಕೆಟ್. ಅರ್ಥ: ಮಲಗಿದವರು ಹೊದೆಯುವ ವಸ್ತು. ನೀವು ಏನಕ್ಕ ಬಳಸ್ತೀರಿ, ತಾತಾ?"

"ಮಳಿ ಬಂದ್ರ ಕೊಪ್ಪಿ ಹಾಕ್ತೀನ್ರಿ. ಜ್ವಾಳ ಕಟ್ಟಾಕ, ಎಳಿಮರಿ ಹೊರಾಕ, ಪಂಚಾಯ್ತಿಗೆ ಕುಂದ್ರಾಕ. ನಾಳೆ ಲಗ್ನಕ್ಕ ಹಾಸಾಕ ಬೇಕ್ರಿ."

"ಅಂದ್ರ ಇದು ರೇನ್‌ಕೋಟು, ಚೀಲ, ತೊಟ್ಟಿಲು, ಕುರ್ಚಿ. ಬ್ಲಾಂಕೆಟ್ ಎಲ್ಲೈತಿ?"

"ಹೊದಿಯೋದೂ ಹೊದಿತೀನ್ರಿ!"

"ಮಲಗಿ ತೋರಿಸ್ರಿ."

ಕುರುಮಯ್ಯ ಕೌಂಟರಿನ ಮುಂದೆ ಕಂಬಳಿ ಹೊದ್ದು ಮಲಗಿದ. ಮೊಮ್ಮಗಳ ಲಗ್ನ ತಲೆಯಲ್ಲಿರುವಾಗ ಯಾರಿಗೆ ನಿದ್ದೆ ಬಂದೀತು? "ನಿದ್ರಾರಹಿತ ಹೊದಿಕೆ, ಅಮಾನ್ಯ" ಎಂದು ನಮೂದಾಯಿತು. ಐದು ಅರ್ಥಗಳಿಗೆ ಐದು ಫೈಲು ತೆರೆದರು. ಅರ್ಥ ಇತ್ಯರ್ಥವಾಗುವ ತನಕ ಕಂಬಳಿ ಹೊಸ್ತಿಲು ದಾಟುವಂತಿಲ್ಲ.

ಆಗ ನಾನು ನನ್ನ ಜೀವಮಾನದ ಅರ್ಜಿ ಬರೆದೆ: "ಕಂಬಳಿ ಹೊರಗೆ ಬರಲಾಗದಿದ್ದಲ್ಲಿ ಲಗ್ನವನ್ನು ಒಳಗೆ ಬಿಡತಕ್ಕದ್ದು."

ಅಧಿಕಾರಿ ಶ್ರೀನಿವಾಸುಲು ಎರಡು ಸಲ ಓದಿದರು. "ಬ್ಯಾಡ ಅಂತ ನಿಯಮದಾಗ ಎಲ್ಲೂ ಇಲ್ಲ" ಎಂದು ಸಹಿ ಹಾಕಿದರು.

ಮರುದಿನ ವಾರಸುದಾರರಿಲ್ಲದ ಛತ್ರಿ, ಟಿಫಿನ್ ಡಬ್ಬಿಗಳ ನಡುವೆ ಝಾನ್ಸಿ ಕಂಬಳಿಯ ಮೇಲೆ ಕೂತಳು. ಸಾಯಿಕುಮಾರ್ ಏನೋ ಬರೆಯುತ್ತಲೇ ಇದ್ದ. ಕುರುಮಯ್ಯನ ಹೆಂಡತಿ ಎಂಕಮ್ಮ ರೇಗಿಸಿದಳು: "ಏನಪ್ಪಾ, ಮದುಮಗನ್ನೂ ರಿಜಿಸ್ಟರ್‌ದಾಗ ಏರಿಸಿದ್ಯೇನು?"

"ಏರಿಸೀನಿ, ತಾಯಿ. ಉಪಯೋಗದ ಕಾಲಂ ಖಾಲಿ ಬಿಟ್ಟೀನಿ."

ಅಧಿಕಾರಿಗಳು ಎದ್ದು ನಿಂತು ಅಕ್ಷತೆ ಹಾಕಿದರು. ಕುರುಮಯ್ಯ ಕಣ್ಣೊರೆಸಿಕೊಂಡ.

ಸಂಜೆಯೊಳಗೆ ತಿದ್ದುಪಡಿ ಹೊರಬಿತ್ತು. "ಬ್ಲಾಂಕೆಟ್: ಕಚೇರಿಯಲ್ಲಿ ಲಗ್ನ ನೆರವೇರಿಸಲು ಬಳಸುವ ಸರಕಾರಿ ವಸ್ತು." ಈಗ ಗುಂಡುಮಾಲ್, ದಾಮರಗಿದ್ದದವರೂ ಲಗ್ನಕ್ಕೆ ಅಲ್ಲೇ ಟೋಕನ್ ತೆಗೆದುಕೊಳ್ಳುತ್ತಾರೆ. ಮೊಮ್ಮಗನ ಲಗ್ನಕ್ಕೆಂದು ಕುರುಮಯ್ಯನೂ ತನ್ನದೇ ಕಂಬಳಿಗೆ ಟೋಕನ್ ತೆಗೆದುಕೊಂಡಿದ್ದಾನೆ. ನಂಬರ್ ನಲವತ್ತೊಂದು. "ನಮ್ಮ ಕಚೇರಿ ಹುಡುಗ್ರು ಭಾಳ ಚಲೋರಿ, ಲಗೂನ ನಂಬರ್ ಕೊಟ್ರು" ಎಂದು ಊರಿಗೆಲ್ಲ ಹೇಳುತ್ತಾನೆ.

ಒಂದು ಸಣ್ಣ ಸಂಗತಿ ಮಾತ್ರ ನಾನೇ ಸೇರಿಸಿದ್ದು. ಅಧಿಕಾರಿಗಳು ಅಕ್ಷತೆ ಹಾಕಲು ಎದ್ದು ನಿಂತರು ಎಂದೆನಲ್ಲ, ಅವರು ಎದ್ದಿರಲಿಲ್ಲ. ಕೂತೇ ಹಾಕಿದರು.